ರಜೆಗೆ ಹೊರಟ ಸೈನಿಕನಿಗೆ ಶಹರದಲ್ಲೊಂದು ರಾತ್ರಿಯ ವಸತಿ

ಪ್ರಶ್ನೆ: ಮಾನ್ಯರೇ, ನನ್ನ ಮಗ ಸೇನೆಯಲ್ಲಿ ಸಿಪಾಯಿಯಾಗಿದ್ದಾನೆ. ರಜೆಗೆ ಬರುವಾಗ ಮುಂದಿನ ರೈಲಿಗಾಗಿ ದೊಡ್ಡ ಶಹರಗಳಲ್ಲಿ ಒಂದು ರಾತ್ರಿ ಕಳೆಯಬೇಕಾಗುತ್ತದೆ. ಲಾಡ್ಜಿನ ಬಾಡಿಗೆ ದುಬಾರಿಯೆಂದು, ಬಿಳಿ ಬಣ್ಣದಲ್ಲಿ ತನ್ನ ಹೆಸರು, ನಂಬರು ಬರೆದಿರುವ ಕಪ್ಪು ಟ್ರಂಕಿಗೆ ತಲೆಯಾನಿಸಿ ಪ್ಲಾಟ್‌ಫಾರ್ಮಿನಲ್ಲೇ ಮಲಗುತ್ತಾನೆ. ಸೈನಿಕರಿಗೆಂದೇ ಕಡಿಮೆ ದರದ ವಸತಿಗೃಹಗಳಿವೆಯೆಂದು ಕೇಳಿದ್ದೇನೆ. ಈ ಏರ್ಪಾಡು ಹೇಗೆ ಆರಂಭವಾಯಿತು? ನಮ್ಮ ಭಾಗಕ್ಕೂ ಅದಕ್ಕೂ ಏನಾದರೂ ನಂಟಿದೆಯೇ?
– ಓದುಗರೊಬ್ಬರು, ಬೈಲಹೊಂಗಲ ತಾಲ್ಲೂಕು

ಉತ್ತರ: ಇಂಥ ವಸತಿಗಳ ಚರಿತ್ರೆ ದಂಡಿನಿಂದ ಶುರುವಾಗುವುದಿಲ್ಲ, ಬಂದರಿನಿಂದ ಶುರುವಾಗುತ್ತದೆ. ತಿಂಗಳುಗಟ್ಟಲೆ ಸಮುದ್ರದ ಮೇಲಿದ್ದ ನಾವಿಕನಿಗೆ ದಡ ಮುಟ್ಟಿದಾಗ ಪಗಾರವೆಲ್ಲ ಒಟ್ಟಿಗೆ ಕೈಸೇರುತ್ತಿತ್ತು. ಅದನ್ನೇ ಕಾದಿರುತ್ತಿದ್ದ ದಲ್ಲಾಳಿಗಳು ಅವನನ್ನು ತಮ್ಮ ಖಾನಾವಳಿಗೆ ಕರೆದೊಯ್ದು, ಕುಡಿಸಿ, ಹಣ ಕರಗಿದ ಮೇಲೆ ಸಾಲ ಹೊರಿಸಿ, ಆ ಸಾಲ ತೀರಿಸುವ ನೆಪದಲ್ಲಿ ಮತ್ತೊಂದು ಹಡಗು ಹತ್ತಿಸುತ್ತಿದ್ದರು. ಈ ಸುಲಿಗೆಯನ್ನು ತಡೆಯಲೆಂದು 1835ರಲ್ಲಿ ಲಂಡನ್ನಿನ ವೆಲ್ ಸ್ಟ್ರೀಟಿನಲ್ಲಿ ನಾವಿಕರ ವಸತಿಗೃಹ ತೆರೆಯಿತು. 1876ರಲ್ಲಿ ಆಗ್ನೆಸ್ ವೆಸ್ಟನ್ ಎಂಬ ಮಹಿಳೆ ಇಂಗ್ಲೆಂಡಿನ ಡೆವನ್‌ಪೋರ್ಟ್ ಬಂದರಿನಲ್ಲಿ ನೌಕಾಪಡೆಯವರಿಗಾಗಿ ಇಂಥದೇ ವಿಶ್ರಾಂತಿ ಗೃಹವನ್ನು ಆರಂಭಿಸಿದರು.

ಅದೇ ವರ್ಷ ಮುಂಬಯಿಯಲ್ಲಿ ರಾಯಲ್ ಆಲ್ಫ್ರೆಡ್ ನಾವಿಕರ ಗೃಹದ ಕಟ್ಟಡ ಪೂರ್ಣಗೊಂಡಿತು. ವಿಕ್ಟೋರಿಯಾ ರಾಣಿಯ ಮಗ ಆಲ್ಫ್ರೆಡ್ ಭಾರತಕ್ಕೆ ಬಂದದ್ದರ ನೆನಪಿಗೆ ಕಟ್ಟಿಸಿದ ಈ ಕಟ್ಟಡಕ್ಕೆ ಬಡೋದೆಯ ಗಾಯಕವಾಡರು ಹಣ ಕೊಟ್ಟಿದ್ದರು, ವಿನ್ಯಾಸ ಎಫ್. ಡಬ್ಲ್ಯೂ. ಸ್ಟೀವನ್ಸ್ ಅವರದು. ನೀವು ಕೇಳಿದ ನಂಟು ಇಲ್ಲಿದೆ. 1928ರ ಹೊತ್ತಿಗೆ ಸರ್ಕಾರ ಈ ಕಟ್ಟಡವನ್ನು ಪಡೆದು ಶಾಸನಸಭೆಗೆ ಬಳಸತೊಡಗಿತು. ಬೆಳಗಾವಿ, ವಿಜಾಪುರ, ಧಾರವಾಡ ಜಿಲ್ಲೆಗಳು 1956ರ ನವೆಂಬರ್ 1ರವರೆಗೂ ಮುಂಬಯಿ ಆಡಳಿತದಲ್ಲಿದ್ದುದರಿಂದ, ನಮ್ಮ ಹಿರಿಯರು ಆರಿಸಿ ಕಳಿಸಿದ ಪ್ರತಿನಿಧಿಗಳು ಹಡಗಿನಿಂದಿಳಿದ ಬಡ ನಾವಿಕರಿಗಾಗಿ ಕಟ್ಟಿದ ಛಾವಣಿಯ ಕೆಳಗೇ ಕುಳಿತು ನಮ್ಮ ಕೆರೆ, ರಸ್ತೆ, ಶಾಲೆಗಳ ಮಾತಾಡಿದರು. ಈಗ ಅದು ಮಹಾರಾಷ್ಟ್ರ ಪೊಲೀಸ್ ಇಲಾಖೆಯ ಕೇಂದ್ರ ಕಚೇರಿ. ಕೊಲಾಬಾದ ಕಡೆ ಹೋದವರು ತಲೆಯೆತ್ತಿ ನೋಡಿದರೆ ಮುಂಭಾಗದ ತ್ರಿಕೋನದಲ್ಲಿ ಸಮುದ್ರದೇವತೆಯ ಕೆತ್ತನೆ ಇವತ್ತಿಗೂ ಕಾಣುತ್ತದೆ; ಪೊಲೀಸ್ ಕಚೇರಿಗೆ ಅಂಥ ಕೆತ್ತನೆ ಏಕೆಂಬುದಕ್ಕೆ ಈ ಚರಿತ್ರೆಯೇ ಉತ್ತರ.

ಭೂಸೇನೆಯ ಸಾಮಾನ್ಯ ಸೈನಿಕನಿಗಾಗಿ ನಡೆದ ಪ್ರಯತ್ನಗಳಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಲಂಡನ್ನಿನ ಯೂನಿಯನ್ ಜಾಕ್ ಕ್ಲಬ್. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಗಾಯಾಳುಗಳ ಆರೈಕೆ ಮಾಡಿದ್ದ ಎಥೆಲ್ ಮೆಕಾಲ್ ಎಂಬ ದಾದಿಯ ಪ್ರಶ್ನೆ ಸರಳವಾಗಿತ್ತು: ಅಧಿಕಾರಿಗಳಿಗೆ ರಾಜಧಾನಿಯಲ್ಲಿ ಹಲವು ಕ್ಲಬ್ಬುಗಳಿರುವಾಗ, ಅವರ ಕೈಕೆಳಗೆ ಹೋರಾಡಿದ ಸಿಪಾಯಿಗೆ ಒಂದೂ ಏಕಿಲ್ಲ? ಆಲ್ಡರ್‌ಶಾಟ್ ದಂಡಿನಿಂದಲೂ ಪೋರ್ಟ್ಸ್‌ಮತ್ ಬಂದರಿನಿಂದಲೂ ಬರುವ ರೈಲುಗಳು ವಾಟರ್ಲೂ ನಿಲ್ದಾಣ ತಲುಪುತ್ತಿದ್ದವು. ಅದರ ಎದುರಿಗೇ ಜಾಗ ಆರಿಸಿ, ಸಾರ್ವಜನಿಕರಿಂದ ದೇಣಿಗೆ ಕೂಡಿಸಿ ಕಟ್ಟಿದ ಕ್ಲಬ್ಬನ್ನು 1907ರ ಜುಲೈ 1ರಂದು ದೊರೆ ಏಳನೆಯ ಎಡ್ವರ್ಡ್ ಉದ್ಘಾಟಿಸಿದರು. ಅಧಿಕಾರಿಯ ದರ್ಜೆಗಿಂತ ಕೆಳಗಿನವರಿಗೇ ಮೀಸಲಾದ ಈ ಕ್ಲಬ್ಬಿನಲ್ಲಿ ವಸತಿ ಪುಕ್ಕಟೆಯಾಗಿರಲಿಲ್ಲ, ಸಿಪಾಯಿಯ ಪಗಾರಕ್ಕೆ ಎಟಕುವ ದರವಿತ್ತು. ಈ ನಿರ್ಧಾರವನ್ನು ನಾನು ಮನಸಾರೆ ಮೆಚ್ಚುತ್ತೇನೆ. ತನ್ನ ದುಡ್ಡು ಕೊಟ್ಟು ಉಳಿದುಕೊಂಡವನು ಯಾರ ಹಂಗಿಗೂ ಒಳಗಾಗಬೇಕಿಲ್ಲ, ಯಾರ ಉಪದೇಶವನ್ನೂ ಕೇಳಬೇಕಿಲ್ಲ. 1976ರಲ್ಲಿ ಹೊಸ ಕಟ್ಟಡದಲ್ಲಿ ಮತ್ತೆ ಉದ್ಘಾಟನೆಗೊಂಡ ಕ್ಲಬ್ಬು ಇಂದಿಗೂ ನಡೆಯುತ್ತಿದೆ. ನ್ಯೂಯಾರ್ಕಿನ ಲೆಕ್ಸಿಂಗ್ಟನ್ ಅವೆನ್ಯೂದಲ್ಲಿಯೂ ಮೊದಲ ಮಹಾಯುದ್ಧದಿಂದ ಮರಳಿದ ಯೋಧರಿಗಾಗಿ 1919ರಲ್ಲಿ ಸ್ಥಾಪನೆಯಾದ ಇಂಥದೊಂದು ಕ್ಲಬ್ಬಿದೆ.

ಆದರೆ ಭಾರತೀಯ ಸಿಪಾಯಿಯ ಕಥೆ ಬೇರೆ, ಅದನ್ನು ಹೇಳುವಾಗ ನೋವಾಗುತ್ತದೆ. ಬ್ರಿಟಿಷರ ಕಾಲದಲ್ಲಿ ನಮ್ಮ ದಂಡುಪ್ರದೇಶಗಳಲ್ಲಿ ಮಿಷನರಿಗಳೂ ದಾನಿಗಳೂ ನಡೆಸುತ್ತಿದ್ದ ಸೈನಿಕ ಗೃಹಗಳು ಮುಖ್ಯವಾಗಿ ಬಿಳಿಯ ಸೈನಿಕರಿಗಾಗಿಯೇ ಇದ್ದವು. ಅದೇ ಸರ್ಕಾರಕ್ಕಾಗಿ ಮೆಸೊಪೊಟೇಮಿಯಾದವರೆಗೆ (ಈಗಿನ ಇರಾಕ್) ಹೋಗಿ ಕಾದಾಡಿ ಬಂದ ಮರಾಠಾ ಪಲ್ಟಣಿನ ಸಿಪಾಯಿ ಊರಿಗೆ ಮರಳುವ ದಾರಿಯಲ್ಲಿ ಧರ್ಮಶಾಲೆಯನ್ನೋ ಮಠವನ್ನೋ ನೆಚ್ಚಬೇಕಿತ್ತು. ಮರಾಠಾ ಲಘು ಪದಾತಿ ದಳದ ಕೇಂದ್ರ ಬೆಳಗಾವಿಯ ಕ್ಯಾಂಪಿನಲ್ಲೇ ಇರುವುದರಿಂದ ಈ ಮಾತು ನಮಗೆ ಪರರ ಸಂಗತಿಯಲ್ಲ.

ಪರಿಸ್ಥಿತಿ ನಿಧಾನವಾಗಿ ಬದಲಾಯಿತು. ಮೊದಲ ಮಹಾಯುದ್ಧದ ಆಸುಪಾಸಿನಲ್ಲಿ ಹುಟ್ಟಿದ ಸೈನಿಕ ಮಂಡಳಿಯೇ ಇಂದು ಕೇಂದ್ರೀಯ ಸೈನಿಕ ಮಂಡಳಿಯಾಗಿದೆ. 1949ರಿಂದ ಪ್ರತಿವರ್ಷ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನ ನಡೆಯುತ್ತಿದೆ. ಶಾಲೆಯಲ್ಲಿ ಮಕ್ಕಳು ಅಂಗಿಗೆ ಚುಚ್ಚಿಕೊಳ್ಳುವ ಆ ಪುಟ್ಟ ಕಾಗದದ ಧ್ವಜಕ್ಕೆ ಕೊಡುವ ಚಿಲ್ಲರೆ ಹಣ ಯೋಧರ, ನಿವೃತ್ತ ಸೈನಿಕರ ಮತ್ತು ಅವರ ಕುಟುಂಬಗಳ ಕಲ್ಯಾಣಕ್ಕೆ ಸಲ್ಲುತ್ತದೆ. ದೇಶದ ಅನೇಕ ಪಟ್ಟಣಗಳಲ್ಲಿರುವ ಸೈನಿಕ ವಿಶ್ರಾಂತಿ ಗೃಹಗಳು, ಅಂದರೆ ಸೇನೆಯವರು ‘ಸೈನಿಕ ಆರಾಮ್ ಘರ್’ ಎನ್ನುವ ಕೋಣೆಗಳು, ಈ ಕಲ್ಯಾಣ ವ್ಯವಸ್ಥೆಯ ಭಾಗ. ಪಿಂಚಣಿಯ ಕೆಲಸಕ್ಕೋ ಮಿಲಿಟರಿ ಆಸ್ಪತ್ರೆಗೋ ಬರುವ ಮಾಜಿ ಸೈನಿಕರೂ ವೀರಪತ್ನಿಯರೂ ಇವುಗಳನ್ನು ಹೆಚ್ಚಾಗಿ ನೆಚ್ಚಿಕೊಂಡಿದ್ದಾರೆ.

ನಿಮ್ಮ ಮಗನ ಮಟ್ಟಿಗೆ ಹೇಳುವುದಾದರೆ, ದೊಡ್ಡ ರೈಲು ನಿಲ್ದಾಣಗಳಲ್ಲಿ ಸೈನಿಕರ ಪ್ರಯಾಣವನ್ನು ನೋಡಿಕೊಳ್ಳುವ ಎಂ.ಸಿ.ಓ. (ಮೂವ್‌ಮೆಂಟ್ ಕಂಟ್ರೋಲ್ ಆಫೀಸ್) ಎಂಬ ಸೇನಾ ಕಚೇರಿ ಇರುತ್ತದೆ. ಗುರುತಿನ ಚೀಟಿಯನ್ನೂ ರಜೆಯ ಪತ್ರವನ್ನೂ ತೋರಿಸಿ ಅಲ್ಲಿ ವಿಚಾರಿಸಿದರೆ, ಆ ಊರಿನಲ್ಲಿ ಸೇನೆಯ ಟ್ರಾನ್ಸಿಟ್ ಕ್ಯಾಂಪ್ ಇದೆಯೇ, ರಾತ್ರಿ ತಂಗಲು ಜಾಗ ಸಿಗುವುದೇ ಎಂಬುದು ತಿಳಿಯುತ್ತದೆ. ಯಾವ ಊರಿನಲ್ಲಿ ವಿಶ್ರಾಂತಿ ಗೃಹವಿದೆ, ದರವೆಷ್ಟು, ಸೇವೆಯಲ್ಲಿರುವವರಿಗೆ ಕೋಣೆ ಕೊಡುತ್ತಾರೆಯೇ ಎಂಬುದನ್ನು ಬೆಳಗಾವಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ನೀವೇ ಕೇಳಿ ತಿಳಿಯಬಹುದು. ಕೋಣೆಗಳು ಕಡಿಮೆಯಿರುವುದರಿಂದ, ರಜೆ ಮಂಜೂರಾದ ಕೂಡಲೇ ಫೋನ್ ಮಾಡಿ ಹೆಸರು ಬರೆಸುವಂತೆ ಮಗನಿಗೆ ತಿಳಿಸಿರಿ.