ಕಥನವೂ ವಿವರಣೆಯೂ ಒಂದೇ ವಿಷಯದಿಂದ: ಎಂಟು, ಒಂಬತ್ತನೇ ತರಗತಿಗೆ ಆರು ಪಿರಿಯಡ್‌ಗಳ ಯೋಜನೆ

ನಮಸ್ಕಾರ ಮೇಡಂ. ಅನುಭವ ಬರೆಯಿರಿ ಅಂದರೆ ಮಕ್ಕಳು ನಾಲ್ಕು ಸಾಲಿಗೆ ಮುಗಿಸುತ್ತಾರೆ, ಪ್ರಬಂಧ ಅಂದರೆ ಗೈಡಿನ ಪೀಠಿಕೆ ಇಳಿಸಿ 'ಉಳಿಸಬೇಕು, ಬೆಳೆಸಬೇಕು' ಅಂತ ಉಪದೇಶ ಶುರು ಮಾಡುತ್ತಾರೆ, ಎರಡನ್ನೂ ಹೇಗೆ ಕಲಿಸುವುದು ಎಂದು ಕೇಳಿದ್ದೀರಿ. 40 ನಿಮಿಷದ ಪಿರಿಯಡ್, 40 ಮಕ್ಕಳ ತರಗತಿ ಎಂದು ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮುಖ್ಯವಾದದ್ದು ಮೊದಲೇ ಹೇಳಿಬಿಡುತ್ತೇನೆ: ಎರಡಕ್ಕೂ ಬೇರೆ ಬೇರೆ ವಿಷಯ ಕೊಡಬೇಡಿ. ಒಂದೇ ವಿಷಯದ ಮೇಲೆ ಬೆನ್ನುಬೆನ್ನಿಗೆ ಎರಡೂ ಬರೆಸಿ. 'ಸಂತೆ' ತೆಗೆದುಕೊಳ್ಳಿ. 'ಸಂತೆಯಲ್ಲಿ ಒಂದು ದಿನ ನಡೆದದ್ದು' ಕಥನ, 'ನಮ್ಮೂರ ಸಂತೆ ಹೇಗೆ ನಡೆಯುತ್ತದೆ' ವಿವರಣೆ. ಮೊದಲನೆಯದನ್ನು ಓದುವವನು 'ಆಮೇಲೆ ಏನಾಯ್ತು?' ಎನ್ನುತ್ತಾನೆ, ಎರಡನೆಯದನ್ನು ಓದುವವನು 'ಅದು ಹೇಗೆ? ಯಾಕೆ?' ಎನ್ನುತ್ತಾನೆ. ಈ ಎರಡು ಪ್ರಶ್ನೆಗಳನ್ನು ಬೋರ್ಡಿನ ಎರಡು ಬದಿಗೆ ಬರೆದು ಆರೂ ಪಿರಿಯಡ್ ಅಳಿಸದೆ ಬಿಡಿ. ವ್ಯಾಖ್ಯೆ ಬರೆಸುವ ಅಗತ್ಯವೇ ಬೀಳುವುದಿಲ್ಲ.

ಮೊದಲ ಪಿರಿಯಡ್ ಪೂರ್ತಿ ಮಾತು. ನೋಟ್‌ಬುಕ್ ಮುಚ್ಚಿಸಿ. ಸಂತೆ, ಜಾತ್ರೆ, ಬಸ್ಸು ತಪ್ಪಿದ್ದು, ಕರೆಂಟು ಹೋದ ರಾತ್ರಿ, ಯಾವುದಾದರೂ ಸರಿ. ಹತ್ತು ನಿಮಿಷದೊಳಗೆ ನಡೆದು ಮುಗಿದ ಘಟನೆಯನ್ನು ಮಾತ್ರ ಪಕ್ಕದವರಿಗೆ ಹೇಳಲಿ. ಈ ಹತ್ತು ನಿಮಿಷದ ಮಿತಿ ಬಹಳ ಮುಖ್ಯ. ಪ್ರವಾಸ ಬರೆಯಿರಿ ಎಂದು ಮೂರು ದಿನದ ಹರವು ಕೊಟ್ಟರೆ ಊರುಗಳ ಹೆಸರಿನ ಪಟ್ಟಿ ಬಿಟ್ಟು ಬೇರೇನೂ ಬರುವುದಿಲ್ಲ. ಮಕ್ಕಳು ಮನೆಮಾತಿನಲ್ಲೇ ಹೇಳಲಿ. ಬರೆಯುವಾಗಲೂ ಉದ್ಧರಣ ಚಿಹ್ನೆಯೊಳಗಿನ ಮಾತು ಅವರ ಊರಿನ ಕನ್ನಡದಲ್ಲೇ ಇರಲಿ, ನಿರೂಪಣೆ ಪುಸ್ತಕದ ಕನ್ನಡದಲ್ಲಿರಲಿ. 'ಎಲ್ಲಿಗ್ ಹೊಂಟಿ?' ಎಂದು ಕೇಳಿದ ಅಜ್ಜಿಯ ಬಾಯಲ್ಲಿ 'ಎಲ್ಲಿಗೆ ಹೋಗುತ್ತಿರುವೆ?' ಹಾಕಿಸಿದರೆ ಅಜ್ಜಿಯೇ ಮಾಯ.

ಎರಡನೇ ಪಿರಿಯಡ್‌ನಲ್ಲಿ ಕಥನದ ಮೊದಲ ಕರಡು, 15 ಸಾಲು ಸಾಕು. ಸಾಮಾನ್ಯವಾಗಿ ಬರುವುದು ಹೀಗಿರುತ್ತದೆ:

'ನಾನು ಬೆಳಿಗ್ಗೆ ಎದ್ದು ಹಲ್ಲುಜ್ಜಿ ಸ್ನಾನ ಮಾಡಿ ಸಂತೆಗೆ ಹೋಗಿ ತರಕಾರಿ ತೆಗೆದುಕೊಂಡು ಬರುವಾಗ ಹಸು ಬಂದು ಚೀಲಕ್ಕೆ ಬಾಯಿ ಹಾಕಿ ಎಲ್ಲಾ ಚೆಲ್ಲಿ ನನಗೆ ತುಂಬಾ ಬೇಸರವಾಯಿತು.'

ಇಲ್ಲಿ ಕಾಗುಣಿತ ತಿದ್ದಲು ಕೂರಬೇಡಿ, ರೋಗ ಬೇರೆ ಕಡೆ ಇದೆ. ಎದ್ದು, ಉಜ್ಜಿ, ಮಾಡಿ, ಹೋಗಿ, ಬಂದು: ವಾಕ್ಯ ಮುಗಿಸದೆ ಮುಂದಿನ ಕ್ರಿಯೆಗೆ ಕೊಂಡಿ ಹಾಕುವ ಕೃದಂತಾವ್ಯಯಗಳ ಸರಪಳಿ. ಕನ್ನಡದಲ್ಲಿ ಹೀಗೆ ಎಷ್ಟು ಬೇಕಾದರೂ ಪೋಣಿಸಬಹುದು, ಅದೇ ಮಕ್ಕಳಿಗೆ ತೊಡಕಾಗುವುದು. ಸರಪಳಿಯಲ್ಲಿ ಹಲ್ಲುಜ್ಜಿದ್ದಕ್ಕೂ ಹಸು ಬಂದದ್ದಕ್ಕೂ ಒಂದೇ ತೂಕ. ಜೊತೆಗೆ ಕರ್ತೃವೂ ಬದಲಾಗಿದೆ: ಚೆಲ್ಲಿದ್ದು ಹಸು, ಬೇಸರ ಹುಡುಗನಿಗೆ. 'ಮಳೆ ಬಂದು ಕೆರೆ ತುಂಬಿತು' ಎನ್ನುವಲ್ಲಿ ಕರ್ತೃ ಬದಲಾದರೂ ಕಿವಿಗೆ ಸರಿ ಕೇಳುತ್ತದೆ. ಎಲ್ಲ ಕಡೆಯೂ ಹಾಗೆ ನಡೆಯುವುದಿಲ್ಲ.

ಮೂರನೇ ಪಿರಿಯಡ್ ಈ ಸರಪಳಿ ಕಡಿಯುವ ಕೆಲಸಕ್ಕೆ. ನಿಯಮ ಎರಡೇ: ಒಂದು ವಾಕ್ಯದಲ್ಲಿ ಇಂಥ ಅವ್ಯಯ ಎರಡಕ್ಕಿಂತ ಹೆಚ್ಚು ಬೇಡ, ಘಟನೆಯ ಬಿಸಿಯಾದ ಜಾಗದಲ್ಲಿ ಒಂದೂ ಬೇಡ. ಪಕ್ಕದ ಮಗು ಕರಡು ಓದಿ ಅಂಚಿನಲ್ಲಿ ಮೂರು ಪ್ರಶ್ನೆ ಬರೆಯಲಿ: ಹಸು ಯಾವ ಕಡೆಯಿಂದ ಬಂತು? ಮೊದಲು ಏನು ಬಿತ್ತು? ನೀನು ಏನು ಮಾಡಿದೆ? ಉತ್ತರಗಳೇ ಹೊಸ ವಾಕ್ಯಗಳಾಗುತ್ತವೆ:

'ಬಸ್‌ಸ್ಟ್ಯಾಂಡ್ ತಿರುವಿನಲ್ಲಿ ಚೀಲ ಹಿಂದಕ್ಕೆ ಜಗ್ಗಿತು. ತಿರುಗಿದೆ. ಹಸುವಿನ ಬಾಯಲ್ಲಿ ಕೊತ್ತಂಬರಿ ಕಟ್ಟು. ನಾನೂ ಎಳೆದೆ. ಚೀಲದ ಹಿಡಿ ಹರಿಯಿತು. ಟೊಮೆಟೊ ರಸ್ತೆ ತುಂಬಾ ಉರುಳಿದವು.'

'ತುಂಬಾ ಬೇಸರವಾಯಿತು' ತಾನಾಗಿಯೇ ಬಿದ್ದುಹೋಯಿತು ನೋಡಿ, ಓದುಗನಿಗೆ ಅದು ಹೇಳದೆಯೇ ಗೊತ್ತಾಗುತ್ತದೆ. ಹಲ್ಲುಜ್ಜಿದ್ದೂ ಹೋಯಿತು. 'ಘಟನೆಗೆ ಬೇಡದ ಮೊದಲ ಮೂರು ಸಾಲು ಹೊಡೆದುಹಾಕಿ' ಎಂದರೆ ಮಕ್ಕಳು ಖುಷಿಯಿಂದ ಹೊಡೆಯುತ್ತಾರೆ.

ಕಾಲದ ಬೆರಕೆಯನ್ನು ಮಕ್ಕಳೇ ಹಿಡಿಯಬಲ್ಲರು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುವುದರಿಂದ ಪೂರ್ಣವಿರಾಮದ ಹಿಂದಿನ ಪದಕ್ಕಷ್ಟೇ ಗೆರೆ ಎಳೆಸಿ. ಬಂತು, ನೋಡಿದೆ, ಎಳೆಯುತ್ತೇನೆ, ಬಿತ್ತು: ಇದರಲ್ಲಿ ಯಾವುದು ಸೇರುವುದಿಲ್ಲ ಎಂದು ಕೇಳಿದರೆ ಕಣ್ಣಿಗೆ ಬೀಳುತ್ತದೆ.

ನಾಲ್ಕನೇ ಪಿರಿಯಡ್‌ನಿಂದ ಅದೇ ಸಂತೆಯ ವಿವರಣೆ. ನೇರ ಬರೆಸಬೇಡಿ, ಮೊದಲು ಮಾಹಿತಿ ಕೂಡಿಸಿ. ಪ್ರತಿ ಮಗು ಐದು ಚೀಟಿ ಮಾಡಲಿ, ಒಂದು ಚೀಟಿಗೆ ಒಂದೇ ಸಂಗತಿ: ಯಾವ ವಾರ, ಯಾರು ಎಲ್ಲಿ ಕೂರುತ್ತಾರೆ, ಸುಂಕ ಯಾರು ವಸೂಲಿ ಮಾಡುತ್ತಾರೆ, ಬೆಳಗಿನ ಬೆಲೆ, ಸಂಜೆಯ ಬೆಲೆ. ನಾಲ್ಕು ಮಕ್ಕಳ ಗುಂಪಿಗೆ ಇಪ್ಪತ್ತು ಚೀಟಿ ಆಗುತ್ತದೆ. ಒಂದೇ ಥರದವನ್ನು ಮೂರು ಗುಡ್ಡೆ ಮಾಡಲಿ, ಎಲ್ಲಿಯೂ ಸೇರದವನ್ನು ಬಿಸಾಡಲಿ. ಪ್ರತಿ ಗುಡ್ಡೆಗೆ ತಲೆಬರಹದ ಬದಲು ಪೂರ್ತಿ ವಾಕ್ಯ ಬರೆಸಿ. 'ಬೆಲೆ' ಎಂದರೆ ಮುಂದಕ್ಕೆ ದಾರಿ ಇಲ್ಲ. 'ಸಂಜೆ ಹೊತ್ತಿಗೆ ಸೊಪ್ಪಿನ ಬೆಲೆ ಇಳಿಯುತ್ತದೆ' ಎಂದರೆ 'ಯಾಕೆ?' ತಾನಾಗಿ ಹುಟ್ಟುತ್ತದೆ. ಪ್ಯಾರಾ ಹುಟ್ಟುವುದು ಅಲ್ಲಿಂದ:

'ಸಂಜೆ ಹೊತ್ತಿಗೆ ಸೊಪ್ಪಿನ ಬೆಲೆ ಇಳಿಯುತ್ತದೆ. ಸೊಪ್ಪು ಮರುದಿನಕ್ಕೆ ಬಾಡುತ್ತದೆ, ವಾಪಸ್ ಒಯ್ದರೆ ಗಾಡಿ ಬಾಡಿಗೆಯೂ ಮೈಮೇಲೆ ಬೀಳುತ್ತದೆ. ಆದ್ದರಿಂದ ಬಂದಷ್ಟಕ್ಕೆ ಕೊಟ್ಟು ಹೋಗುತ್ತಾರೆ. ಈರುಳ್ಳಿ ಹಾಗಲ್ಲ, ಮುಂದಿನ ಸಂತೆಯವರೆಗೂ ಇಡಬಹುದು.'

ಒಂದು ಹೇಳಿಕೆ, ಅದರ ಕಾರಣ, ಪರಿಣಾಮ, ಬೇರೆಯಾದ ಇನ್ನೊಂದು ಉದಾಹರಣೆ. ನಾಲ್ಕೈದು ವಾಕ್ಯದ ಇಂಥ ಮೂರು ಪ್ಯಾರಾ ಆದರೆ ಈ ವಯಸ್ಸಿಗೆ ಒಳ್ಳೆಯ ಬರಹ. ಕಥನದಲ್ಲಿ 'ಬಂತು, ಬಿತ್ತು' ಇದ್ದದ್ದು ಇಲ್ಲಿ 'ಇಳಿಯುತ್ತದೆ, ಬಾಡುತ್ತದೆ' ಆಯಿತು. ಎರಡೂ ನೋಟ್‌ಬುಕ್ ಪುಟ ಅಕ್ಕಪಕ್ಕ ಇಟ್ಟು ತೋರಿಸಿ.

ಐದನೇ ಪಿರಿಯಡ್‌ನಲ್ಲಿ ಕರಡು ಬರೆಯುವಾಗ ಒಂದು ನಿಷೇಧ ಹಾಕಿ: '-ಬೇಕು' ಎಂದು ಮುಗಿಯುವ ವಾಕ್ಯ ಇರಬಾರದು. ಉಪದೇಶಕ್ಕೆ ಮಾಹಿತಿ ಬೇಕಿಲ್ಲ, ಅದಕ್ಕೇ ಏನೂ ತೋಚದ ಮಗು ಅಲ್ಲಿಗೆ ಓಡುತ್ತದೆ. ದಾರಿ ಮುಚ್ಚಿದರೆ ಚೀಟಿಗಳ ಕಡೆ ತಿರುಗುತ್ತದೆ. ಇನ್ನೊಂದು, ಪೀಠಿಕೆಯನ್ನು ಕೊನೆಗೆ ಬರೆಸಿ, ಮೇಲೆ ಐದು ಸಾಲು ಖಾಲಿ ಬಿಡಿಸಿ. ಏನು ಹೇಳುತ್ತೇವೆಂದು ಗೊತ್ತಾಗುವ ಮೊದಲೇ ಪೀಠಿಕೆ ಕೇಳುವುದರಿಂದಲೇ 'ಇಂದಿನ ಆಧುನಿಕ ಯುಗದಲ್ಲಿ' ಬರುವುದು. 'ಆದ್ದರಿಂದ' ಬಂದಲ್ಲೆಲ್ಲ ಹಿಂದಿನ ವಾಕ್ಯ ನಿಜಕ್ಕೂ ಕಾರಣವೇ ಎಂದು ಕೇಳಿ. ಬಹಳ ಮಕ್ಕಳು ಅದನ್ನು 'ಮತ್ತು' ಎನ್ನುವಂತೆ ಬಳಸುತ್ತಾರೆ.

ವಾಕ್ಯವನ್ನೇ ಬರೆಯಲಾಗದ ಮಕ್ಕಳು ಎಂಟನೆಯಲ್ಲೂ ಇರುತ್ತಾರೆ. ಅವರನ್ನು ಹಿಂದಿನ ಬೆಂಚಿಗೆ ಬಿಟ್ಟು ಕಾಪಿ ಬರೆಸಬೇಡಿ. ಅವರು ಹೇಳಲಿ, ನೀವು ಐದು ಚೀಟಿಗೆ ಐದು ವಾಕ್ಯ ಬರೆದುಕೊಡಿ, ಅವರು ಕ್ರಮಕ್ಕೆ ಜೋಡಿಸಿ, ಓದಿ, ನೋಡಿ ಬರೆಯಲಿ. ತಮ್ಮ ಮಾತೇ ಅಕ್ಷರವಾದಾಗ ಓದಲು ಬಹಳ ಸುಲಭ.

ಆರನೇ ಪಿರಿಯಡ್ ತಿದ್ದುಪಡಿಗೆ. 40 ಪುಸ್ತಕದಲ್ಲಿ ಎಲ್ಲ ತಪ್ಪಿಗೂ ಕೆಂಪು ಶಾಯಿ ಹಾಕಿದರೆ ನಿಮಗೂ ದಣಿವು, ಮಗುವೂ ಯಾವುದನ್ನೂ ನೋಡುವುದಿಲ್ಲ. ಒಂದು ಸಲಕ್ಕೆ ಎರಡೇ ಬಗೆ ಆರಿಸಿ. ಈ ಸಲ ಕ್ರಿಯಾಪದದ ಕಾಲ ಮತ್ತು ಪೂರ್ಣವಿರಾಮ, ಮುಂದಿನ ಸಲ ಅಲ್ಪಪ್ರಾಣ–ಮಹಾಪ್ರಾಣ ಮತ್ತು ಒತ್ತಕ್ಷರ. ತಪ್ಪಿನ ಪದ ನೀವೇ ಸರಿ ಮಾಡಿ ಬರೆಯಬೇಡಿ. ಆ ಸಾಲಿನ ಅಂಚಿನಲ್ಲಿ ಒಂದು ಚುಕ್ಕೆ ಇಡಿ, ಮಗು ಹುಡುಕಲಿ.

ಈ ಎರಡು ಬರಹಗಳನ್ನೂ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಯಾಗಿ ತೋರಿಸಬಹುದು, ಕರಡನ್ನೂ ಕಡತದಲ್ಲಿ ಸೇರಿಸಿ. ಹತ್ತನೆಯವರ ಗಾದೆ ವಿಸ್ತರಣೆಗೂ ಇದೇ ಕ್ರಮ ಸಾಕು: ಗಾದೆಯ ಅರ್ಥ, ಅದು ಯಾಕೆ ನಿಜ, ಒಂದು ಉದಾಹರಣೆ. ಕಥೆ ಹಾಕುವುದಾದರೆ ನಾಲ್ಕು ಸಾಲು ಮೀರದಿರಲಿ, ಇಲ್ಲವಾದರೆ ವಿವರಣೆಗೆ ಜಾಗವೂ ಸಮಯವೂ ಉಳಿಯುವುದಿಲ್ಲ. ಮುಂದಿನ ಜೋಡಿಗೆ ರೊಟ್ಟಿ ಒಳ್ಳೆಯದು: 'ನಾನು ಮೊದಲ ಸಲ ರೊಟ್ಟಿ ತಟ್ಟಿದ್ದು', 'ರೊಟ್ಟಿ ಯಾಕೆ ಬಿರಿಯುತ್ತದೆ'. ಎರಡನೆಯದಕ್ಕೆ ಮಾಹಿತಿ ಮನೆಯಲ್ಲೇ ಕೇಳಿಕೊಂಡು ಬರಲಿ, ಹಿಂದಿನ ದಿನವೇ ಹೇಳಿ ಕಳಿಸಿ.