‘90 ಪರ್ಸೆಂಟ್ ಆಯ್ತು ಸಾರ್’

ಪ್ರಶ್ನೆ: ನಾನು ಐದು ಮಹಡಿಯ ಕಟ್ಟಡದ ಸೈಟ್‌ನಲ್ಲಿ ಪ್ಲಾನಿಂಗ್ ಇಂಜಿನಿಯರ್. ಸೇರಿ ಎಂಟು ತಿಂಗಳಾಯಿತು. ತಿಂಗಳ ಕೊನೆಗೆ ಎಷ್ಟು ಪರ್ಸೆಂಟ್ ಕೆಲಸ ಮುಗಿದಿದೆ ಅಂತ ಎಲ್ಲರನ್ನೂ ಕೇಳಿ, ಯಾವ ಕೆಲಸ ಯಾವಾಗ ಎನ್ನುವ ಶೆಡ್ಯೂಲ್ ಅಪ್‌ಡೇಟ್ ಮಾಡುತ್ತೇನೆ. ಸೈಟ್‌ನವರು ಯಾರೂ ಅದನ್ನು ನೋಡುವುದಿಲ್ಲ. ಕಳೆದ ತಿಂಗಳು ಕೆಲಸ ಮುಗಿಯುವ ತಾರೀಕು ಒಂದೇ ಏಟಿಗೆ 40 ದಿನ ಮುಂದೆ ಹೋಯಿತು. ‘ಮೊದಲೇ ಯಾಕೆ ಹೇಳಲಿಲ್ಲ’ ಅಂತ ನನಗೇ ಬೈಗುಳ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಇದೇ ಮಾತಿಗೆ ನಾನೂ ಬೈಸಿಕೊಂಡಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಒಂದು ಮಾತು ಮಾತ್ರ ಖಂಡಿತ. ಆ 40 ದಿನ ಒಂದೇ ತಿಂಗಳಲ್ಲಿ ಹೋದದ್ದಲ್ಲ. ಮೂರ್ನಾಲ್ಕು ತಿಂಗಳಿಂದ ಸೋರುತ್ತಿತ್ತು, ನಿಮ್ಮ ಪರ್ಸೆಂಟ್ ಅದನ್ನು ಮುಚ್ಚಿಟ್ಟಿತ್ತು.

ನನ್ನ ಮೊದಲ ಸೈಟ್‌ನ ಕಥೆ ಹೇಳುತ್ತೇನೆ. ಮೂರನೇ ಮಹಡಿಯ ಒಳ ಪ್ಲಾಸ್ಟರಿಂಗ್. ಮೇಸ್ತ್ರಿ ಮೊದಲ ವಾರ 80 ಅಂದರು. ಮರುವಾರ ‘90 ಪರ್ಸೆಂಟ್ ಆಯ್ತು ಸಾರ್’. ಅದರ ಮರುವಾರವೂ 90. ನಾಲ್ಕನೇ ವಾರ 92. ನಾನು ಆಫೀಸಿನಲ್ಲಿ ಕೂತು ನಿಷ್ಠೆಯಿಂದ 92 ಅಂತ ಹಾಕಿದೆ. ಆಮೇಲೆ ಯಾಕೋ ಅನುಮಾನ ಬಂದು, ಟಾರ್ಚ್ ಹಿಡಿದು ಮೇಲೆ ಹತ್ತಿದೆ. ದೊಡ್ಡ ಗೋಡೆಗಳೆಲ್ಲ ಮುಗಿದು ನುಣ್ಣಗೆ ನಿಂತಿದ್ದವು. ಉಳಿದದ್ದು ಟಾಯ್ಲೆಟ್‌ಗಳು ಮತ್ತು ಕಿಟಕಿಯ ಅಂಚುಗಳು. ಟಾಯ್ಲೆಟ್‌ಗಳಲ್ಲಿ ಪ್ಲಂಬರ್ ಇನ್ನೂ ಗೋಡೆ ಕೊರೆದು ಪೈಪ್ ಕೂರಿಸುತ್ತಿದ್ದರು. ಅವರು ಬಿಟ್ಟುಕೊಡದೆ ಗಾರೆಯವರು ಒಳಗೆ ಕಾಲಿಡುವ ಹಾಗಿಲ್ಲ. ಚದರಡಿ ಲೆಕ್ಕದಲ್ಲಿ ಮೇಸ್ತ್ರಿ ಹೇಳಿದ್ದು ಸುಳ್ಳೇನಲ್ಲ, ಉಳಿದದ್ದು 8 ಪರ್ಸೆಂಟೇ. ಆದರೆ ದಿನದ ಲೆಕ್ಕದಲ್ಲಿ ಇನ್ನೂ 16 ದಿನ ಇತ್ತು. ಅದರ ಹಿಂದೆ ಸಾಲಾಗಿ ವಾಟರ್‌ಪ್ರೂಫಿಂಗ್, ನೀರು ನಿಲ್ಲಿಸಿ ಸೋರುತ್ತದೆಯೇ ಎಂದು ನೋಡುವ ಪರೀಕ್ಷೆ, ಟೈಲ್ಸ್, ಬಾಗಿಲು. ಎಲ್ಲವೂ ಆ ಟಾಯ್ಲೆಟ್ ಗೋಡೆಗೇ ಕಾಯುತ್ತಿದ್ದವು.

ಅವತ್ತಿನಿಂದ ‘ಎಷ್ಟು ಪರ್ಸೆಂಟ್’ ಅಂತ ಕೇಳುವುದನ್ನೇ ಬಿಟ್ಟೆ. ‘ಇನ್ನು ಎಷ್ಟು ದಿನ ಬೇಕು? ಯಾರು ಜಾಗ ಬಿಟ್ಟುಕೊಡಬೇಕು?’ ಇಷ್ಟೇ ಕೇಳುವುದು. ಪರ್ಸೆಂಟ್ ಕೇಳಿದರೆ ಜನ ಹಿಂದೆ ನೋಡುತ್ತಾರೆ. ದಿನ ಕೇಳಿದರೆ ಮುಂದೆ ನೋಡುತ್ತಾರೆ, ಜೊತೆಗೆ ಗೊಣಗುತ್ತಾರೆ. ಆ ಗೊಣಗಾಟದಲ್ಲೇ ನಿಮಗೆ ಬೇಕಾದ ಸುದ್ದಿ ಇರುತ್ತದೆ.

1957ರ ಸುಮಾರಿಗೆ ಡುಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರಾಂಡ್‌ನ ಜೇಮ್ಸ್ ಕೆಲ್ಲಿ ಸೇರಿ ಕ್ರಿಟಿಕಲ್ ಪಾತ್ ಲೆಕ್ಕ, ಅಂದರೆ ಕೆಲಸ ಮುಗಿಯುವ ತಾರೀಕನ್ನು ತೀರ್ಮಾನಿಸುವ ಅತಿ ಉದ್ದದ ಕೆಲಸಗಳ ಸಾಲನ್ನು ಹುಡುಕುವ ಲೆಕ್ಕ, ರೂಪಿಸಿದರು. ಆಗಲೂ ಈಗಲೂ ಆ ಲೆಕ್ಕದ ಬುಡ ಎರಡೇ: ಯಾವ ಕೆಲಸಕ್ಕೆ ಎಷ್ಟು ದಿನ, ಯಾವುದರ ಹಿಂದೆ ಯಾವುದು. ಶೆಡ್ಯೂಲ್ ಮಾಡುವ ಸಾಫ್ಟ್‌ವೇರ್ ಪ್ರಿಮಾವೆರಾದಲ್ಲಿ ನೀವು ‘ಫಿಸಿಕಲ್’ ಪರ್ಸೆಂಟ್ (ಆದ ಕೆಲಸ ನೋಡಿ ನೀವೇ ಹಾಕುವ ಅಂಕಿ) ಇಟ್ಟುಕೊಂಡಿದ್ದರೆ, 90 ಅಂತ ಹಾಕಿದರೂ ಉಳಿದ ದಿನದ ಅಂಕಿ ಅಲ್ಲಾಡುವುದಿಲ್ಲ. ಅದನ್ನು ನೀವೇ ಬೇರೆಯಾಗಿ ತುಂಬಬೇಕು. ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಎಂಎಸ್ ಪ್ರಾಜೆಕ್ಟ್‌ನದ್ದು ಇನ್ನೊಂದು ಕಾಟ. ಹತ್ತು ದಿನದ ಕೆಲಸಕ್ಕೆ 90 ಹಾಕಿದರೆ, ಉಳಿದದ್ದು ಒಂದೇ ದಿನ ಅಂತ ತಾನೇ ತೀರ್ಮಾನ ಮಾಡಿಬಿಡುತ್ತದೆ. ಸಾಲದ್ದಕ್ಕೆ, ಮುಗಿಯದ ಕೆಲಸವನ್ನು ನೀವಾಗಿ ಸ್ಟೇಟಸ್ ಡೇಟ್‌ನಿಂದ (ಯಾವ ದಿನದವರೆಗಿನ ಅಪ್‌ಡೇಟೋ ಆ ತಾರೀಕಿನಿಂದ) ಮುಂದಕ್ಕೆ ತಳ್ಳದಿದ್ದರೆ ಅದು ಕಳೆದ ತಿಂಗಳಲ್ಲೇ ಕೂತಿರುತ್ತದೆ. ಕಳೆದ ತಿಂಗಳಿಗೆ ಹೋಗಿ ಪ್ಲಾಸ್ಟರ್ ಮಾಡಲು ಯಾರಿಂದ ಆಗುತ್ತದೆ, ಹೇಳಿ? ಅಪ್‌ಡೇಟ್ ಆದ ಮೇಲೆ ಚಾರ್ಟ್‌ನಲ್ಲಿ ಆ ತಾರೀಕಿನ ಗೆರೆಯ ಎಡಗಡೆ ಬಾಕಿ ಕೆಲಸ ಒಂದೂ ಇರಬಾರದು. ಬಲಗಡೆ ‘ಮುಗಿದಿದೆ’ ಎನ್ನುವ ತಾರೀಕು ಇರಬಾರದು.

ಫೈಲ್ ತೆರೆದಾಗ ಮೊಳೆ ಹೊಡೆದ ತಾರೀಕುಗಳನ್ನೂ ಹುಡುಕಿ. ‘ಇದೇ ದಿನ ಮುಗಿಯಬೇಕು’ ಅಂತ ಯಾರೋ ಹಿಂದೆ ಕಟ್ಟಿಹಾಕಿದ್ದರೆ, ಹಿಂದಿನ ಕೆಲಸ ಎಷ್ಟೇ ತಡವಾದರೂ ಆ ತಾರೀಕು ಜಪ್ಪಯ್ಯ ಎಂದರೂ ಕದಲುವುದಿಲ್ಲ. ನಿಮ್ಮ 40 ದಿನದಲ್ಲಿ ಒಂದಿಷ್ಟು ಅಲ್ಲೇ ಅಡಗಿದ್ದರೂ ಇರಬಹುದು.

ಇನ್ನು ಯಾರೂ ನೋಡುವುದಿಲ್ಲ ಎನ್ನುವ ಮಾತು. 600 ಸಾಲಿನ ಚಾರ್ಟ್ ಗೋಡೆಗೆ ಅಂಟಿಸಿದರೆ ನಾನೂ ನೋಡುವುದಿಲ್ಲ. ಮುಂದಿನ ಮೂರು ವಾರದ 30 ಸಾಲು ಮಾತ್ರ ಪ್ರಿಂಟ್ ತೆಗೆಯಿರಿ. ವಾರಕ್ಕೊಮ್ಮೆ ಅದನ್ನು ಹಿಡಿದು ಸೈಟ್ ಸುತ್ತಿ. ಜೊತೆಗೆ ಪೆನ್ಸಿಲ್ ಇರಲಿ. ಸೆಂಟ್ರಿಂಗ್‌ನವರ ಹತ್ತಿರ, ಎಲೆಕ್ಟ್ರಿಷಿಯನ್ ಹತ್ತಿರ ನಿಂತು ಅಲ್ಲೇ ತಿದ್ದಿ. ತಾನು ಹೇಳಿದ ತಾರೀಕು ಮುಂದಿನ ವಾರದ ಹಾಳೆಯಲ್ಲಿ ಕಂಡರೆ, ಮೂರನೇ ವಾರ ಅವರೇ ನಿಮ್ಮನ್ನು ಕರೆದು ಹೇಳುತ್ತಾರೆ. ಸೈಟ್‌ನಲ್ಲಿ ಕಣ್ಣಿಗೆ ಕಾಣದ ಕೆಲಸಗಳಿಗೂ ಆ ಹಾಳೆಯಲ್ಲಿ ಜಾಗ ಕೊಡಿ. ಲಿಫ್ಟ್ ಅಂದರೆ ಬಂದು ಜೋಡಿಸುವುದಷ್ಟೇ ಅಲ್ಲ. ಡ್ರಾಯಿಂಗ್ ಒಪ್ಪಿಗೆ, ಆರ್ಡರ್, ತಯಾರಿಕೆ, ಸಾಗಣೆ ಎಲ್ಲ ಸೇರಿದರೆ ತಿಂಗಳುಗಟ್ಟಲೆ ಆಗುತ್ತದೆ. ಡ್ರಾಯಿಂಗ್ ಯಾರದೋ ಟೇಬಲ್ ಮೇಲೆ ಸುಮ್ನೆ ಮೂರು ವಾರ ಮಲಗಿದರೆ ಸೈಟ್‌ನಲ್ಲಿ ಯಾರಿಗೂ ಗೊತ್ತೇ ಆಗುವುದಿಲ್ಲ.

ನಡೆದುಹೋದ ತಾರೀಕನ್ನು ಮಾತ್ರ ಯಾರ ಮಾತಿಗೂ ತಿದ್ದಬೇಡಿ. ನಾನು ಒಮ್ಮೆ ತಿದ್ದಿದ್ದೆ. 9ನೇ ತಾರೀಕಿಗೆ ಶುರುವಾದ ಕಾಂಕ್ರೀಟ್ ಅನ್ನು, ರಿಪೋರ್ಟ್ ಚೆನ್ನಾಗಿ ಕಾಣಲಿ ಎಂದು ಮೇಲಿನವರು ಹೇಳಿದ್ದಕ್ಕೆ, 3ಕ್ಕೆ ಶುರುವಾಯಿತು ಅಂತ ಹಾಕಿದೆ. ವರ್ಷದ ನಂತರ ಮಳೆಯಿಂದಾದ ತಡಕ್ಕೆ ಹೆಚ್ಚಿನ ಸಮಯ ಕೇಳಿದೆವು. ಮಾಲೀಕರ ಕಡೆಯವರು ನಮ್ಮದೇ ಡೈಲಿ ರಿಪೋರ್ಟ್ ಮತ್ತು ನಮ್ಮದೇ ಶೆಡ್ಯೂಲ್ ಪಕ್ಕಪಕ್ಕ ಇಟ್ಟರು. ಒಂದರಲ್ಲಿ 3ರಿಂದ 8ರವರೆಗೆ ಜಡಿಮಳೆ, ಕೆಲಸ ನಿಂತಿದೆ. ಇನ್ನೊಂದರಲ್ಲಿ ಅದೇ ದಿನಗಳಲ್ಲಿ ಕಾಂಕ್ರೀಟ್ ಬೀಳುತ್ತಿದೆ! ಆ ಆರು ದಿನ ಹೋದದ್ದು ಹಾಗಿರಲಿ, ಉಳಿದ ತಾರೀಕುಗಳನ್ನೂ ಯಾರೂ ನಂಬಲಿಲ್ಲ.

ಪ್ರಶ್ನೆ: ಚಾರ್ಟ್ ತುಂಬ ಕೆಂಪಾಗಿ ಕಾಣುತ್ತದೆ, ಬೇಸ್‌ಲೈನ್ (ತಡ ಎಷ್ಟು ಎಂದು ಹೋಲಿಸಿ ನೋಡುವ ಮೂಲ ಯೋಜನೆ) ಹೊಸದು ಮಾಡಿಬಿಡಿ ಅಂತಾರೆ ನಮ್ಮ ಮ್ಯಾನೇಜರ್. ಮಾಡಬಹುದಾ?

ಉತ್ತರ: ಕೆಲಸದ ವ್ಯಾಪ್ತಿ ಬದಲಾಗಿದ್ದರೆ, ಅಥವಾ ಹೆಚ್ಚಿನ ಸಮಯಕ್ಕೆ ಮಾಲೀಕರ ಕಡೆಯಿಂದ ಬರವಣಿಗೆಯಲ್ಲಿ ಒಪ್ಪಿಗೆ ಬಂದಿದ್ದರೆ ಮಾಡಿ. ಬಣ್ಣ ಚೆನ್ನಾಗಿಲ್ಲ ಅನ್ನುವುದಷ್ಟೇ ಕಾರಣವಾದರೆ ಬೇಡ. ಒತ್ತಾಯ ಜಾಸ್ತಿಯಾದರೆ ಆ ಸೂಚನೆಯನ್ನು ಇಮೇಲ್‌ನಲ್ಲಿ ಕಳಿಸಲು ಕೇಳಿ. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಜನ ಅಲ್ಲಿಗೇ ಸುಮ್ಮನಾಗುತ್ತಾರೆ. ಇಮೇಲ್ ಬಂದೇಬಿಟ್ಟರೆ, ಹಳೆಯ ಬೇಸ್‌ಲೈನ್ ಇರುವ ಫೈಲ್ ಅಳಿಸದೆ ತಾರೀಕು ಹಾಕಿ ಬೇರೆ ಫೋಲ್ಡರ್‌ನಲ್ಲಿ ಇಡಿ.