ಒತ್ತಡದ ಬಗ್ಗೆ ನಂಬಿಕೆ: ಆ ಭಯ ಬೇಡ

'ಒತ್ತಡ ಆರೋಗ್ಯ ಕೆಡಿಸುತ್ತದೆ ಅಂತ ನಂಬಿದರೇ ಬೇಗ ಸಾಯುತ್ತಾರಂತೆ, ನಿಜವಾ? ಈಗ ನನ್ನ ನಂಬಿಕೆಗೇ ಹೆದರಿಕೆ ಆಗುತ್ತಿದೆ' ಎಂದು ಕೇಳಿದ್ದೀರಿ.

ದಯವಿಟ್ಟು ಹೆದರಬೇಡಿ. ಈ ಮಾತು ಹೆಚ್ಚಾಗಿ ಹರಡಿದ್ದು 2012ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಿಂದ. 1998ರಲ್ಲಿ 28,000ಕ್ಕೂ ಜಾಸ್ತಿ ಜನರನ್ನು ಎರಡು ವಿಷಯ ಕೇಳಿದ್ದರು: ಎಷ್ಟು ಒತ್ತಡವಿದೆ, ಅದು ನಿಮ್ಮ ಆರೋಗ್ಯಕ್ಕೆ ಎಷ್ಟು ತಟ್ಟಿದೆ? ಆಮೇಲೆ 2006ರವರೆಗಿನ ಸಾವಿನ ದಾಖಲೆಗಳ ಜೊತೆ ತಾಳೆ ನೋಡಿದರು. ಎರಡಕ್ಕೂ 'ತುಂಬಾ' ಅಂದವರಲ್ಲಿ ಅಕಾಲ ಸಾವಿನ ಅಪಾಯ ಶೇ. 43ರಷ್ಟು ಹೆಚ್ಚಿತ್ತು.

ಆದರೆ ಅದು ಸಮೀಕ್ಷೆ, ಪ್ರಯೋಗ ಅಲ್ಲ. ಆಗಲೇ ಆರೋಗ್ಯ ಹದಗೆಟ್ಟಿದ್ದವರು ಇದ್ದದ್ದನ್ನೇ ಹೇಳಿರಬಹುದು, ಅಲ್ವಾ? ನಂಬಿಕೆಯೇ ಕೊಂದಿತು ಅನ್ನಲು ಅದರಲ್ಲಿ ಆಧಾರವಿಲ್ಲ.

ನನಗೆ ಹೆಚ್ಚು ಉಪಯುಕ್ತ ಅನ್ನಿಸಿದ್ದು ಅದೇ 2012ರಲ್ಲಿ ಬಂದ ಬೇರೊಂದು ಅಧ್ಯಯನ, ಇದು ಪ್ರಯೋಗವೇ. ಜನರ ಮುಂದೆ ಭಾಷಣ ಮಾಡಬೇಕಿದ್ದ ಕೆಲವರಿಗೆ, 'ಎದೆ ಡವಡವ ಅನ್ನುವುದು ದೇಹ ನಿಮಗೆ ಸಹಾಯ ಮಾಡುತ್ತಿರುವ ಲಕ್ಷಣ' ಎಂದು ಮೊದಲೇ ತಿಳಿಸಿದ್ದರು. ಅವರ ರಕ್ತನಾಳಗಳು ಉಳಿದವರಷ್ಟು ಬಿಗಿಯಾಗಲಿಲ್ಲ. ಹೃದಯ ಹೆಚ್ಚು ರಕ್ತ ಪಂಪ್ ಮಾಡಿತು. ಇಂಟರ್‌ವ್ಯೂಗೆ ಮುಂಚೆ ಕೈ ನಡುಗಿದಾಗ ನಾನೂ ಇದನ್ನೇ ಹೇಳಿಕೊಳ್ಳುತ್ತೇನೆ. ನಡುಕ ಹೋಗುವುದಿಲ್ಲ, ಗಾಬರಿ ಕಡಿಮೆಯಾಗುತ್ತದೆ.

ಇದು ಸ್ವಲ್ಪ ಹೊತ್ತಿನ ಒತ್ತಡದ ಮಾತು. ತಲೆ ಮೇಲಿನ ಸಾಲ, ನಿದ್ದೆಗೆಟ್ಟ ದುಡಿತ, ಮನೆಯ ಕಿರುಕುಳ ಇದ್ದವರಿಗೆ 'ಸುಮ್ನೆ ಯೋಚನೆ ಬದಲಿಸಿಕೊಳ್ಳಿ' ಅನ್ನುವುದು ಅನ್ಯಾಯ. ನಿಮ್ಮದು ಅಂಥ ಒತ್ತಡವಾದರೆ ನಂಬಿಕೆಯ ಚಿಂತೆ ಪಕ್ಕಕ್ಕಿಡಿ, ಹತ್ತಿರದವರಿಗೆ ಹೇಳಿಕೊಳ್ಳಿ. ವಾರಗಟ್ಟಲೆ ನಿದ್ದೆ ಬರದಿದ್ದರೆ ವೈದ್ಯರನ್ನು ನೋಡಿ. ಎದೆನೋವು ಬಂದರೆ ಮಾತ್ರ ಕಾಯಬೇಡಿ, ತಕ್ಷಣ ಹೋಗಿ.